ಗಲ್ಲಿಯ ಅಳತೆ: ಕರಾಚಿಯ ಒರಂಗಿಯಲ್ಲಿ ಜನರೇ ಕಟ್ಟಿದ ಒಳಚರಂಡಿ

ಸಾಮಾಜಿಕ ನಾವೀನ್ಯತೆಯ ವರದಿಗಳಲ್ಲಿ ಯಾರು ಮಾಡಿದರು, ಏನು ಮಾಡಿದರು, ಎಷ್ಟು ಖರ್ಚಾಯಿತು ಎಂಬ ವಿವರಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ; ಎಲ್ಲಿ ಮಾಡಿದರು ಎಂಬುದು ಮಾತ್ರ ಮೊದಲ ಸಾಲಿನಲ್ಲಿ ಒಂದು ಊರಿನ ಹೆಸರಾಗಿ ಬಂದು ಅಲ್ಲಿಗೇ ಮುಗಿದುಹೋಗುತ್ತದೆ. ಕರಾಚಿಯ ಒರಂಗಿಯಲ್ಲಿ 1980ರ ದಶಕದಿಂದ ಜನರೇ ತಮ್ಮ ಹಣ ಹಾಕಿ ಕಟ್ಟಿಕೊಂಡ ಒಳಚರಂಡಿಯ ಪ್ರಕರಣವನ್ನು ಹೀಗೆ ಓದಿದರೆ ಅದರ ತಿರುಳೇ ಕೈತಪ್ಪುತ್ತದೆ. ಅಲ್ಲಿ ಬಳಕೆಯಾದ ಕೊಳವೆ, ಸಿಮೆಂಟು, ಮ್ಯಾನ್‌ಹೋಲ್ ಎಲ್ಲವೂ ಹಳೆಯವೇ. ಹೊಸದಾಗಿ ಕಂಡುಕೊಂಡದ್ದು ಒಂದು ಅಳತೆಯನ್ನು, ಅಂದರೆ ಎಷ್ಟು ದೊಡ್ಡ ಜಾಗದೊಳಗೆ ಜನ ಒಬ್ಬರನ್ನೊಬ್ಬರು ನಂಬಿ ಹಣ ಕೊಡಬಲ್ಲರು ಎಂಬುದನ್ನು. ಆ ಅಳತೆ ಇಪ್ಪತ್ತರಿಂದ ನಲವತ್ತು ಮನೆಗಳ ಒಂದು ಗಲ್ಲಿ. ಆ ಗಲ್ಲಿಯಿಂದ ಏನೆಲ್ಲ ಸಾಧ್ಯವಾಯಿತು, ಎಲ್ಲಿಗೆ ಬಂದು ಅದರ ಬಲ ಮುಗಿಯಿತು ಎಂಬುದೇ ಈ ಅಧ್ಯಯನದ ವಿಷಯ.

ನೆಲ ಹೇಗಿತ್ತು

ಒರಂಗಿ ಕರಾಚಿಯ ವಾಯವ್ಯ ಅಂಚಿನಲ್ಲಿ, ಗುಡ್ಡಗಳ ಬುಡದಲ್ಲಿ ಹರಡಿಕೊಂಡಿರುವ ಪ್ರದೇಶ. ಅಲ್ಲಿ ವಸತಿ ಆರಂಭವಾದದ್ದು 1965ರಲ್ಲಿ. 1971ರ ಯುದ್ಧದ ನಂತರ ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಿಹಾರಿ ಕುಟುಂಬಗಳು ನೆಲೆಸತೊಡಗಿದ ಮೇಲೆ ಅದು ವೇಗವಾಗಿ ಬೆಳೆಯಿತು. ಪಠಾಣರು, ಪಂಜಾಬಿಗಳು, ಭಾರತದಿಂದ ವಲಸೆ ಬಂದ ಮುಹಾಜಿರರು, ಸ್ಥಳೀಯ ಸಿಂಧಿಗಳು ಮತ್ತು ಬಲೂಚರು ಎಲ್ಲರೂ ಅಲ್ಲಿ ಸೇರಿದರು. 1980ರ ದಶಕದ ಹೊತ್ತಿಗೆ ಜನಸಂಖ್ಯೆ ಸುಮಾರು 10 ಲಕ್ಷವೆಂದು ಅಂದಾಜು ಮಾಡಲಾಗುತ್ತಿತ್ತು. ಸರ್ಕಾರದ ಲೆಕ್ಕದಲ್ಲಿ ಇದರ ಬಹುಭಾಗ ಕಚ್ಚೀ ಆಬಾದಿ, ಅಂದರೆ ಹಕ್ಕುಪತ್ರವಿಲ್ಲದ ಅಕ್ರಮ ವಸತಿ.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಈ ನೆಲವನ್ನು ನಿವೇಶನಗಳಾಗಿ ವಿಂಗಡಿಸಿ ಮಾರಿದವರು ದಲ್ಲಾಳಿಗಳು. ಸರ್ಕಾರಿ ಜಮೀನನ್ನು ಕೆಳಹಂತದ ಅಧಿಕಾರಿಗಳ ಸಹಕಾರದಿಂದ ಒತ್ತುವರಿ ಮಾಡಿ ಮಾರುತ್ತಿದ್ದ ಇವರು ಗೆರೆ ಎಳೆಯುವಾಗ ಮಾತ್ರ ಬಹಳ ಎಚ್ಚರ ವಹಿಸಿದರು. ಮುಂದೆ ಬಡಾವಣೆ ಸಕ್ರಮವಾಗಬೇಕಾದರೆ ಅದು ನಗರ ಯೋಜನೆಯ ನಿಯಮಗಳಿಗೆ ಆದಷ್ಟು ಹೊಂದಿರಬೇಕು ಎಂಬ ಲೆಕ್ಕಾಚಾರದಿಂದ ನೇರವಾದ ಬೀದಿಗಳನ್ನು, ಒಂದೇ ಅಳತೆಯ ನಿವೇಶನಗಳನ್ನು, ಚೌಕುಳಿಯ ಹಾಗೆ ಒಂದನ್ನೊಂದು ಹಾಯುವ ಗಲ್ಲಿಗಳನ್ನು ಗುರುತು ಹಾಕಿದರು. ಕಾನೂನಿನ ಕಣ್ಣಿನಲ್ಲಿ ಅಕ್ರಮವಾದ ಈ ಗೆರೆಗಳೇ ಮುಂದೆ ಕೊಳವೆ ಹಾಕಲು ದಾರಿಯಾದವು. ಓಣಿಗಳು ಡೊಂಕುಡೊಂಕಾಗಿ, ಮನೆಯೊಳಗೆ ಮನೆ ಹೊಕ್ಕಂತೆ ಬೆಳೆದ ಹಳೆಯ ಕೊಳೆಗೇರಿಯಲ್ಲಿ ಇದೇ ಪ್ರಯೋಗ ನಡೆದಿದ್ದರೆ ಫಲ ಬೇರೆಯೇ ಆಗುತ್ತಿತ್ತೆಂದು ನನ್ನ ನಂಬಿಕೆ. ನಾವೀನ್ಯತೆಯ ಕಥೆ ಹೇಳುವಾಗ ನಾಯಕನ ಹೆಸರನ್ನು ಮರೆಯದ ನಾವು ಈ ಗೆರೆಗಳನ್ನು ಮರೆಯುತ್ತೇವೆ.

ಗಲ್ಲಿಗಳು ನೇರವಾಗಿದ್ದರೂ ಅವುಗಳಲ್ಲಿ ಹರಿಯುತ್ತಿದ್ದದ್ದು ಕೊಳಚೆ. ಕೆಲವು ಮನೆಗಳಲ್ಲಿ ಬಕೆಟ್ ಶೌಚಾಲಯ. ಅದನ್ನು ಕೆಲವು ದಿನಗಳಿಗೊಮ್ಮೆ ಬಂದು ತೆಗೆಯುವವರು ಅದರಲ್ಲಿದ್ದುದನ್ನು ಗಲ್ಲಿಯಲ್ಲೇ ಸುರಿದು ಹೋಗುವುದೂ ಇತ್ತು. ಇನ್ನು ಕೆಲವರು ಇಂಗುಗುಂಡಿ ತೋಡಿಸಿಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಅವು ತುಂಬಿ ಕಟ್ಟಿಕೊಳ್ಳುತ್ತಿದ್ದವು. ಬಚ್ಚಲ ನೀರು ಮನೆಯ ಮುಂದೆಯೇ ನಿಂತು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ವಿಷಮಶೀತ ಜ್ವರ, ಆಮಶಂಕೆ, ಮಲೇರಿಯಾ ಮನೆಮನೆಯ ಮಾತಾಗಿದ್ದವು, ಮಕ್ಕಳ ಸಾವೂ ಹಾಗೆಯೇ.

ಕೇಳಿದ ಪ್ರಶ್ನೆ

1980ರಲ್ಲಿ ಬಿಸಿಸಿಐ (ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) ಎಂಬ ಬ್ಯಾಂಕಿನ ಸ್ಥಾಪಕರಾದ ಆಘಾ ಹಸನ್ ಅಬೇದಿಯವರ ಆಹ್ವಾನದ ಮೇಲೆ, ಆ ಬ್ಯಾಂಕಿನ ಪ್ರತಿಷ್ಠಾನದ ನೆರವಿನಿಂದ ಅಖ್ತರ್ ಹಮೀದ್ ಖಾನ್ ಒರಂಗಿ ಪೈಲಟ್ ಪ್ರಾಜೆಕ್ಟ್ ಆರಂಭಿಸಿದರು. ಆಗ ಅವರಿಗೆ ಅರವತ್ತೈದು ದಾಟಿತ್ತು. ಬ್ರಿಟಿಷ್ ಕಾಲದ ಐಸಿಎಸ್ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದವರು, ಪೂರ್ವ ಪಾಕಿಸ್ತಾನದ ಕೊಮಿಲ್ಲಾದಲ್ಲಿ ಗ್ರಾಮ ಸಹಕಾರ ಸಂಘಗಳನ್ನು ಕಟ್ಟಿ ಹೆಸರಾಗಿ 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದಿದ್ದವರು. ಒರಂಗಿಗೆ ಬಂದ ಮೊದಲ ತಿಂಗಳುಗಳನ್ನು ಅವರು ಗಲ್ಲಿಗಲ್ಲಿ ತಿರುಗುತ್ತಾ, ಜನರ ಜೊತೆ ಮಾತನಾಡುತ್ತಾ ಕಳೆದರು. ಸಿದ್ಧ ಕಾರ್ಯಕ್ರಮವನ್ನಾಗಲಿ ಗುರಿಗಳ ಪಟ್ಟಿಯನ್ನಾಗಲಿ ಜೊತೆಗೆ ತಂದಿರಲಿಲ್ಲ.

ಜನ ಹೇಳಿದ್ದು ಬಹುಮಟ್ಟಿಗೆ ಒಂದೇ ಮಾತು: ಚರಂಡಿ ಬೇಕು, ಅದನ್ನು ಸರ್ಕಾರ ಪುಕ್ಕಟೆಯಾಗಿ ಮಾಡಿಕೊಡಬೇಕು. ಆದರೆ ನಗರದ ಸಂಸ್ಥೆಗಳು ವಿದೇಶಿ ಸಾಲ ತಂದು ಗುತ್ತಿಗೆದಾರರ ಮೂಲಕ ಕಟ್ಟಿಸುತ್ತಿದ್ದ ಒಳಚರಂಡಿಯ ವೆಚ್ಚವನ್ನು ಈ ಜನರಿಂದ ವಸೂಲು ಮಾಡುವುದು ಅಸಾಧ್ಯವಾಗಿತ್ತು. ಪುಕ್ಕಟೆಯಾಗಿ ಕೊಡುವ ಶಕ್ತಿ ಸರ್ಕಾರಕ್ಕೂ ಇರಲಿಲ್ಲ. ಖಾನ್ ಮತ್ತು ಅವರ ಸಂಗಡಿಗರು ಅಡ್ಡಿಗಳನ್ನು ನಾಲ್ಕಾಗಿ ಗುರುತಿಸಿದರು. ಇದು ಸರ್ಕಾರದ ಕೆಲಸ ಎಂಬ ಮನೋಭಾವ, ಹಣ, ತಾಂತ್ರಿಕ ತಿಳಿವಳಿಕೆಯ ಕೊರತೆ, ಒಟ್ಟಾಗಿ ಕೆಲಸ ಮಾಡಲು ಬೇಕಾದ ಸಂಘಟನೆಯ ಕೊರತೆ. ಈ ನಾಲ್ಕನೆಯದಕ್ಕೆ ಉತ್ತರ ಹುಡುಕುವಾಗ ಗಲ್ಲಿ ಎದುರಾಯಿತು. ಬಡಾವಣೆಯ ಮಟ್ಟದಲ್ಲಿ ನಾಯಕರಿದ್ದರು, ಸಂಘಗಳಿದ್ದವು, ಆದರೆ ಅವುಗಳ ಬಗ್ಗೆ ಜನರಿಗೆ ವಿಶ್ವಾಸವಿರಲಿಲ್ಲ. ಮನೆಯ ಮಟ್ಟದಲ್ಲಿ ವಿಶ್ವಾಸವಿತ್ತು, ಆದರೆ ಒಂದು ಮನೆ ಒಂಟಿಯಾಗಿ ಒಳಚರಂಡಿ ಕಟ್ಟಲಾಗದು. ಇವೆರಡರ ನಡುವೆ, ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವಷ್ಟು ಉದ್ದದ ಗಲ್ಲಿಯಿತ್ತು. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಕೊಟ್ಟ ಮಾತಿಗೆ ನಿಲ್ಲುವವರು, ಯಾರಿಗೆ ಈ ತಿಂಗಳು ಕೂಲಿ ಸಿಕ್ಕಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು.

ಒಂದು ಗಲ್ಲಿಯಲ್ಲಿ ಕೆಲಸ ನಡೆದ ಬಗೆ

ಕ್ರಮ ಹೀಗಿತ್ತು. ಗಲ್ಲಿಯವರು ಸಭೆ ಸೇರಿ ಎಲ್ಲ ಮನೆಗಳ ಒಪ್ಪಿಗೆ ಪಡೆದು ತಮ್ಮೊಳಗಿನ ಒಬ್ಬರನ್ನು ಗಲ್ಲಿಯ ಮುಖ್ಯಸ್ಥರನ್ನಾಗಿ ಆರಿಸಿಕೊಳ್ಳಬೇಕು. ಅವರು ಒರಂಗಿ ಪೈಲಟ್ ಪ್ರಾಜೆಕ್ಟ್ ಸಂಸ್ಥೆಗೆ ಅರ್ಜಿ ಕೊಡಬೇಕು. ಆ ಮೇಲಷ್ಟೇ ಸಂಸ್ಥೆಯ ತಂತ್ರಜ್ಞರು ಬಂದು ಗಲ್ಲಿಯ ಅಳತೆ ತೆಗೆದು, ಮಟ್ಟ ನೋಡಿ, ನಕ್ಷೆ ಮತ್ತು ಅಂದಾಜು ಪಟ್ಟಿ ತಯಾರಿಸಿ ಮುಖ್ಯಸ್ಥರ ಕೈಗೆ ಕೊಡುತ್ತಿದ್ದರು. ಹಣ ಸಂಗ್ರಹಿಸುವುದು, ಸಾಮಾನು ಕೊಳ್ಳುವುದು, ಮೇಸ್ತ್ರಿಯನ್ನು ಗೊತ್ತು ಮಾಡುವುದು ಅಥವಾ ತಾವೇ ಅಗೆಯುವುದು, ಜಗಳ ಬಂದರೆ ತೀರಿಸಿಕೊಳ್ಳುವುದು, ಇವೆಲ್ಲ ಗಲ್ಲಿಯ ಪಾಲಿನ ಕೆಲಸ. ಸಂಸ್ಥೆ ಸಲಕರಣೆಗಳನ್ನು ಎರವಲು ಕೊಡುತ್ತಿತ್ತು, ಕೆಲಸದ ಮೇಲೆ ಕಣ್ಣಿಡುತ್ತಿತ್ತು, ಆದರೆ ಜನರ ಹಣವನ್ನು ಒಮ್ಮೆಯೂ ಕೈಯಿಂದ ಮುಟ್ಟಲಿಲ್ಲ.

ಈ ಕೊನೆಯ ನಿಯಮದ ಮಹತ್ವ ಜಾಗದ ದೃಷ್ಟಿಯಿಂದ ನೋಡಿದಾಗ ತಿಳಿಯುತ್ತದೆ. ಹಣ ಗಲ್ಲಿಯಿಂದ ಹೊರಗೆ ಹೋಗಲೇ ಇಲ್ಲ. ಒಬ್ಬರು ಕೊಟ್ಟ ಹಣ ನಾಳೆ ಕೊಳವೆಯಾಗಿ, ಜಲ್ಲಿಯಾಗಿ, ಮರಳಿನ ರಾಶಿಯಾಗಿ ಅವರ ಬಾಗಿಲ ಮುಂದೆಯೇ ಬಂದು ಬೀಳುತ್ತಿತ್ತು. ಲೆಕ್ಕಪತ್ರ ಓದಲು ಬಾರದವರೂ ಕೊಳವೆ ಎಣಿಸಬಲ್ಲರು. ಕಚೇರಿಯ ಕಡತಗಳಲ್ಲಿ ಪಾರದರ್ಶಕತೆ ತರಲು ನಾವು ಪಡುವ ಪಾಡನ್ನು ನೆನೆದರೆ, ಅಳತೆ ಚಿಕ್ಕದಾದ ಮಾತ್ರಕ್ಕೇ ಇಷ್ಟೊಂದು ಕೆಲಸ ತಾನಾಗಿ ಆಯಿತಲ್ಲ ಎಂದು ನನಗೆ ಪ್ರತಿ ಸಲವೂ ಅಚ್ಚರಿಯಾಗುತ್ತದೆ.

ಗಲ್ಲಿಯೊಳಗೂ ಎಲ್ಲರ ಹಿತ ಒಂದೇ ಆಗಿರುವುದಿಲ್ಲ. ಇಳಿಜಾರಿನ ಗಲ್ಲಿಯಲ್ಲಿ ಮೇಲಿನ ಮನೆಯವರ ನೀರು ತಾನಾಗಿ ಕೆಳಗೆ ಹರಿದುಹೋಗುತ್ತದೆ. ತೊಂದರೆ ಅನುಭವಿಸುವವರು ಕೆಳಗಿನ ಮನೆಯವರು. ಕೊಳವೆಗೆ ವಾಟ ಕೊಡಬೇಕಾದಾಗ ಒಬ್ಬರ ಬಾಗಿಲ ಮುಂದೆ ಅಗೆತ ಆಳವಾಗುತ್ತದೆ, ಇನ್ನೊಬ್ಬರ ಮುಂದೆ ಮೇಲ್ಮಟ್ಟದಲ್ಲೇ ನಿಲ್ಲುತ್ತದೆ. ಒಂದು ಮನೆ ಒಪ್ಪದಿದ್ದರೂ ಕೊಳವೆ ಅದರ ಮುಂದೆಯೇ ಹಾಯಬೇಕು, ಉಳಿದವರ ಪಾಲು ಏರುತ್ತದೆ. ಇಂಥ ಜಗಳಗಳಲ್ಲಿ ಸಂಸ್ಥೆ ತಲೆ ಹಾಕಲಿಲ್ಲ. ಗಲ್ಲಿ ಒಮ್ಮತಕ್ಕೆ ಬರುವವರೆಗೆ ಕಾಯಿತು. ದಿನವೂ ಮುಖ ನೋಡಬೇಕಾದ ನೆರೆಹೊರೆಯವರ ಒತ್ತಾಯಕ್ಕೆ ಇರುವ ಬಲ ನೋಟಿಸಿಗೆ ಇರುವುದಿಲ್ಲ. ಬಡ ಮನೆಗೆ ಕಂತಿನಲ್ಲಿ ಕೊಡಲು ಅವಕಾಶ ಕೊಡಬೇಕೆ ಎಂಬಂಥ ತೀರ್ಮಾನವನ್ನೂ ಆ ಮನೆಯ ಸ್ಥಿತಿ ಬಲ್ಲವರೇ ಮಾಡುತ್ತಿದ್ದರು.

ವೆಚ್ಚ ಇಳಿದದ್ದು ಎರಡು ದಾರಿಗಳಿಂದ. ಗುತ್ತಿಗೆದಾರರ ಲಾಭ ಮತ್ತು ಅದರ ಹಿಂದಿನ ಲಂಚ ತಪ್ಪಿದ್ದು ಒಂದು. ವಿನ್ಯಾಸವನ್ನೇ ಗಲ್ಲಿಗೆ ತಕ್ಕಂತೆ ಬದಲಿಸಿದ್ದು ಇನ್ನೊಂದು. ಭಾರಿ ವಾಹನಗಳು ಓಡಾಡದ ಜಾಗದಲ್ಲಿ ಕೊಳವೆಯನ್ನು ಅಷ್ಟು ಆಳದಲ್ಲಿ ಹೂಳುವ ಅಗತ್ಯವಿರಲಿಲ್ಲ. ಆದ್ದರಿಂದ ಅಗೆತ ಕಡಿಮೆಯಾಯಿತು, ಮ್ಯಾನ್‌ಹೋಲ್‌ಗಳು ಚಿಕ್ಕವಾದವು, ಯಂತ್ರ ಬೇಡವಾಯಿತು. ಮನೆಯ ಶೌಚಾಲಯಕ್ಕೂ ಗಲ್ಲಿಯ ಕೊಳವೆಗೂ ನಡುವೆ ಒಂದು ಪುಟ್ಟ ತೊಟ್ಟಿ ಕಟ್ಟಿ ಗಟ್ಟಿ ಪದಾರ್ಥ ಅಲ್ಲಿಯೇ ಉಳಿಯುವಂತೆ ಮಾಡಿದರು. ಶೌಚಾಲಯವೂ ಗಲ್ಲಿಯ ಕೊಳವೆಯೂ ಸೇರಿ ಒಂದು ಮನೆಗೆ ಬಿದ್ದ ಖರ್ಚು ಸುಮಾರು 1,000 ಪಾಕಿಸ್ತಾನಿ ರೂಪಾಯಿ. ಸರ್ಕಾರಿ ಸಂಸ್ಥೆಗಳ ದರ ಇದರ ಹಲವು ಪಟ್ಟು ಇತ್ತು.

ಆರಂಭದ ಕೆಲಸವೆಲ್ಲ ಚೆನ್ನಾಗಿತ್ತೆಂದು ಹೇಳಲಾಗದು. 1981ರಲ್ಲಿ ವಾಸ್ತುಶಿಲ್ಪಿ ಆರಿಫ್ ಹಸನ್ ಸಲಹೆಗಾರರಾಗಿ ಸೇರಿದಾಗ ಕಾಂಕ್ರೀಟ್ ಕಳಪೆಯಾಗಿತ್ತು: ಮಿಶ್ರಣದ ಪ್ರಮಾಣ ಸರಿಯಿರಲಿಲ್ಲ, ಹಾಕಿದ ಕಾಂಕ್ರೀಟಿಗೆ ನೀರುಣಿಸಿ ಗಟ್ಟಿಯಾಗಲು ಬಿಡುವ ತಾಳ್ಮೆ ಇರಲಿಲ್ಲ. ಮ್ಯಾನ್‌ಹೋಲ್ ಎರಕಕ್ಕೆ ಉಕ್ಕಿನ ಅಚ್ಚುಗಳನ್ನು ಮಾಡಿಸಿ ಗಲ್ಲಿಗಳಿಗೆ ಕೊಡಲಾಯಿತು, ಮುಖ್ಯಸ್ಥರಿಗೂ ಮೇಸ್ತ್ರಿಗಳಿಗೂ ತರಬೇತಿ ನಡೆಯಿತು. ಒಂದು ಗಲ್ಲಿಯಲ್ಲಿ ಕಲಿತ ಮೇಸ್ತ್ರಿ ಪಕ್ಕದ ಗಲ್ಲಿಗೆ ಹೋಗುತ್ತಿದ್ದ. ತರಬೇತಿ ಹೀಗೆ ಗಲ್ಲಿಯಿಂದ ಗಲ್ಲಿಗೆ ಹಬ್ಬಿತು.

ಇಳಿಜಾರು ನಿರ್ಧರಿಸಿದ ಸರದಿ

ಮೊದಲು ಅರ್ಜಿ ಹಾಕಿದ್ದು ಯಾವ ಗಲ್ಲಿಗಳು ಎಂದು ನೋಡಿದರೆ ನೆಲದ ಪಾತ್ರ ಇನ್ನೂ ಸ್ಪಷ್ಟವಾಗುತ್ತದೆ. ಒರಂಗಿಯ ಗುಡ್ಡಗಳಿಂದ ಮಳೆನೀರು ಹರಿಯುವ ಸಹಜ ಹಳ್ಳಗಳಿವೆ. ಅಲ್ಲಿನವರು ಅವುಗಳನ್ನು ನಾಲಾ ಎನ್ನುತ್ತಾರೆ. ಹಳ್ಳಕ್ಕೆ ಹತ್ತಿರವಿದ್ದ ಗಲ್ಲಿಗಳಿಗೆ ಕೊಳವೆಯ ಬಾಯಿ ಬಿಡಲು ಜಾಗವಿದ್ದುದರಿಂದ ಅವು ಮೊದಲು ಮುಂದೆ ಬಂದವು. ದೂರದ ಗಲ್ಲಿಗಳಿಗೆ ತಮ್ಮ ಕೊಳವೆ ಕಟ್ಟಿದರಷ್ಟೇ ಸಾಲದು, ಅದನ್ನು ಹಳ್ಳದವರೆಗೆ ಒಯ್ಯುವ ದೊಡ್ಡ ಕೊಳವೆಯೂ ಬೇಕು, ಅದಕ್ಕಾಗಿ ಹಲವು ಗಲ್ಲಿಗಳು ಕೂಡಬೇಕು. ಇಡೀ ಒರಂಗಿಗೆ ಮೊದಲೇ ಒಂದು ಮಹಾಯೋಜನೆ ಹಾಕಬೇಕಿತ್ತೆಂಬ ಟೀಕೆ ಆಗಲೂ ಇತ್ತು. ತಾಂತ್ರಿಕವಾಗಿ ಅದು ಸರಿಯಾದ ಟೀಕೆಯೇ. ಆದರೆ ನಕ್ಷೆ ಪೂರ್ಣವಾಗಲಿ ಎಂದು ಕಾದಿದ್ದರೆ ಮೊದಲ ಗಲ್ಲಿಯೇ ಅಗೆಯಲ್ಪಡುತ್ತಿರಲಿಲ್ಲ. ಹಳ್ಳದ ಪಕ್ಕದ ಗಲ್ಲಿ ಒಣಗಿ ಸಮತಟ್ಟಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ದೂರದ ಗಲ್ಲಿಗಳು ಒಟ್ಟುಗೂಡಿ ದೊಡ್ಡ ಕೊಳವೆಯ ಮಾತೆತ್ತಿದವು.

ಈ ಅನುಭವದಿಂದ ಒಂದು ಹಂಚಿಕೆಯ ಸೂತ್ರ ಮೂಡಿತು. ಮನೆಯೊಳಗಿನ ಶೌಚಾಲಯ, ಗಲ್ಲಿಯ ಕೊಳವೆ, ಗಲ್ಲಿಗಳನ್ನು ಕೂಡಿಸುವ ಕೊಳವೆ, ಈ ಮೂರು ‘ಒಳ’ಗಿನ ಕೆಲಸಗಳಾಗಿ ಜನರ ಪಾಲಿಗೆ ಬಂದವು, ಹಳ್ಳ, ಪ್ರಧಾನ ಕೊಳವೆ, ಶುದ್ಧೀಕರಣ ಘಟಕ ‘ಹೊರ’ಗಿನ ಕೆಲಸಗಳಾಗಿ ಸರ್ಕಾರದ ಪಾಲಿಗೆ ಹೋದವು. ಎರಡು ದಶಕಗಳಲ್ಲಿ ಸುಮಾರು 6,000 ಗಲ್ಲಿಗಳ ಸುಮಾರು 90,000 ಮನೆಗಳು ಈ ಬಗೆಯಲ್ಲಿ ಒಳಚರಂಡಿ ಪಡೆದವು. ಪಾಕಿಸ್ತಾನದ 2006ರ ರಾಷ್ಟ್ರೀಯ ನೈರ್ಮಲ್ಯ ನೀತಿ ಇದೇ ಹಂಚಿಕೆಯನ್ನು ಅಂಗೀಕರಿಸಿತು. ಇದರ ಬಗ್ಗೆ ಒಂದು ಆಕ್ಷೇಪವಿದೆ, ಅದನ್ನು ನಾನು ತಳ್ಳಿಹಾಕಲಾರೆ: ಉಳ್ಳವರ ಬಡಾವಣೆಗೆ ಸರ್ಕಾರವೇ ಕೊಳವೆ ಹಾಕಿಕೊಡುವಾಗ ಬಡವರು ಮಾತ್ರ ತಮ್ಮ ಗಲ್ಲಿಯ ಕೊಳವೆಗೆ ತಾವೇ ಏಕೆ ಹಣ ತೆರಬೇಕು? ಅನ್ಯಾಯ ನಿಜ. ಆದರೆ ಅದು ಸರಿಹೋಗಲಿ ಎಂದು ಕಾಯುವ ವರ್ಷಗಳ ಬೆಲೆಯನ್ನು ತೆರುತ್ತಿದ್ದವರು ಅದೇ ಗಲ್ಲಿಯ ಮಕ್ಕಳು.

ಮಹಿಳೆಯರ ಜಾಗ

ಸಂಸ್ಥೆಯ ಆರೋಗ್ಯ ಕಾರ್ಯಕ್ರಮಕ್ಕೆ ಗಲ್ಲಿಯ ಅಳತೆಯೂ ತೀರಾ ದೊಡ್ಡದೆನಿಸಿತು. ಪರದೆ ಪಾಲಿಸುವ, ಮನೆಯಿಂದ ದೂರ ಹೋಗಲಾಗದ ಮಹಿಳೆಯರು ಕೇಂದ್ರಕ್ಕೆ ಬಂದು ಮಾಹಿತಿ ಪಡೆಯುವುದು ಸಾಧ್ಯವಿರಲಿಲ್ಲ. ಕೇಂದ್ರ ಎಷ್ಟೇ ಸುಸಜ್ಜಿತವಾಗಿದ್ದರೂ ದಾರಿ ದಾಟಲಾಗದವರಿಗೆ ಅದು ಇಲ್ಲದಂತೆಯೇ. ಆದ್ದರಿಂದ ಆರೋಗ್ಯ ಕಾರ್ಯಕರ್ತೆ ಮತ್ತು ಸಂಘಟಕಿಯರ ಸಂಚಾರಿ ತಂಡಗಳು ಗಲ್ಲಿಗಳಿಗೇ ಹೋಗತೊಡಗಿದವು; ಸುತ್ತಲಿನ ಹತ್ತಿಪ್ಪತ್ತು ಗಲ್ಲಿಗಳಿಗೆ ಬೇಕಾದವಳೂ ಉತ್ಸಾಹಿಯೂ ಆದ ಒಬ್ಬ ಮಹಿಳೆಯ ಮನೆಯಲ್ಲಿ ಸಭೆ ಸೇರತೊಡಗಿತು. ರೋಗ ಹರಡುವ ಬಗೆ, ಲಸಿಕೆ, ಕುಟುಂಬ ಯೋಜನೆಯ ಮಾತುಗಳು ಆ ಮನೆಯೊಳಗೆ ನಡೆದವು. ಚರಂಡಿಗೆ ಸರಿಹೊಂದಿದ ಜಾಗ ಗಲ್ಲಿ, ಈ ಮಾತಿಗೆ ಸರಿಹೊಂದಿದ ಜಾಗ ಮನೆಯ ಒಳಕೋಣೆ. ಸಂಸ್ಥೆ ತನ್ನ ಕೇಂದ್ರವನ್ನೇ ನೆಚ್ಚಿ ಕೂತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಗಲ್ಲಿ ದಾಟಿದ ಮೇಲೆ

ಗಲ್ಲಿಯೊಳಗಿನ ವಿಶ್ವಾಸ ಗಲ್ಲಿಗಳ ನಡುವಿನ ವಿಶ್ವಾಸವಾಗಿ ಬೆಳೆಯುತ್ತದೆಂದು ಭಾವಿಸುವುದು ಸುಲಭ. 1986ರ ಡಿಸೆಂಬರಿನಲ್ಲಿ ಒರಂಗಿಯ ಕಸ್ಬಾ ಕಾಲನಿ ಮತ್ತು ಅಲಿಗಢ ಕಾಲನಿಗಳಲ್ಲಿ ನಡೆದ ಹತ್ಯಾಕಾಂಡ ಆ ಭಾವನೆಯನ್ನು ಸುಳ್ಳುಮಾಡಿತು. ಒಂದೇ ಊರಿನಿಂದ, ಒಂದೇ ಭಾಷೆಯಿಂದ ಬಂದವರು ಅಕ್ಕಪಕ್ಕ ನೆಲೆಸುವುದು ಸಹಜ. ಗಲ್ಲಿಯ ಒಗ್ಗಟ್ಟಿಗೆ ಅದು ನೆರವಾಗಿದ್ದಿರಬಹುದು, ಆದರೆ ಜನಾಂಗಗಳ ನಡುವಿನ ದ್ವೇಷವನ್ನು ತಡೆಯುವ ಶಕ್ತಿ ಆ ಒಗ್ಗಟ್ಟಿಗೆ ಇರಲಿಲ್ಲ. ಚಿಕ್ಕ ಜಾಗದ ಬಲವನ್ನು ಕೊಂಡಾಡುವವರು ಈ ವರ್ಷವನ್ನು ಬಿಟ್ಟು ಬರೆಯಬಾರದು.

ಹಳ್ಳಗಳ ವಿಷಯದಲ್ಲಿ ಬೇರೊಂದು ಮಿತಿ ಎದುರಾಯಿತು. ನಗರಪಾಲಿಕೆಯ ಮತ್ತು ವಿದೇಶಿ ಸಾಲದ ಯೋಜನೆಗಳು ಕೊಳಚೆ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನೇ ನೋಡದೆ ರಸ್ತೆಗಳ ಉದ್ದಕ್ಕೂ ಪ್ರಧಾನ ಕೊಳವೆಗಳನ್ನು ಗುರುತಿಸುತ್ತಿದ್ದವು. ಜನ ಕಟ್ಟಿದ ಸಾವಿರಾರು ಗಲ್ಲಿಗಳ ಕೊಳವೆಗಳು ಹಳ್ಳಗಳ ಕಡೆಗೆ ಮುಖಮಾಡಿದ್ದವು, ಆದರೆ ಸರ್ಕಾರದ ನಕ್ಷೆಯಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ. ಇಲ್ಲಿ ಸಭೆ, ಚಂದಾ, ಮುಖ್ಯಸ್ಥ ಯಾವುದೂ ಕೆಲಸಕ್ಕೆ ಬಾರದು, ಬೇಕಾದದ್ದು ನಕ್ಷೆ. 1980ರ ದಶಕದ ಆರಂಭದಲ್ಲಿ ಸಂಸ್ಥೆ ಸೇರಿದ ವಾಸ್ತುಶಿಲ್ಪಿ ಪರ್ವೀನ್ ರಹಮಾನ್ ಅವರ ನೇತೃತ್ವದಲ್ಲಿ ಬಡಾವಣೆಯ ಯುವಕರೂ ವಾಸ್ತುಶಿಲ್ಪ ವಿದ್ಯಾರ್ಥಿಗಳೂ ಮೊದಲು ಒರಂಗಿಯ, ಆಮೇಲೆ ಕರಾಚಿಯ ಇತರ ವಸತಿಗಳ ಗಲ್ಲಿಗಳನ್ನೂ ಹಳ್ಳಗಳನ್ನೂ ಒಂದೊಂದಾಗಿ ಅಳೆದು ಕಾಗದಕ್ಕಿಳಿಸಿದರು. ಹಳ್ಳಗಳನ್ನೇ ಭದ್ರಪಡಿಸಿ ಮುಚ್ಚಿ ಪ್ರಧಾನ ಕೊಳವೆಗಳನ್ನಾಗಿ ಬಳಸಿ, ಅವುಗಳ ಕೊನೆಯಲ್ಲಿ ಶುದ್ಧೀಕರಣ ಘಟಕ ಕಟ್ಟಿರಿ ಎಂಬುದು ಆ ನಕ್ಷೆಗಳಿಂದ ಹೊರಟ ಸಲಹೆ. ಕರಾಚಿಯ ಇನ್ನೊಂದು ಪ್ರದೇಶವಾದ ಕೊರಂಗಿಯ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಕೊಳಚೆ ನೀರು ಯೋಜನೆಗೆ ಇವರು ಹೀಗೆಯೇ ಬಹಳ ಕಡಿಮೆ ವೆಚ್ಚದ ಪರ್ಯಾಯ ಮುಂದಿಟ್ಟ ಮೇಲೆ 1999ರಲ್ಲಿ ಆ ಸಾಲ ರದ್ದಾಯಿತು. ಅಖ್ತರ್ ಹಮೀದ್ ಖಾನ್ ತೀರಿಕೊಂಡದ್ದೂ ಅದೇ ವರ್ಷ.

ನಕ್ಷೆಗೆ ಶತ್ರುಗಳೂ ಹುಟ್ಟಿಕೊಂಡರು. ಕಳ್ಳ ಹೈಡ್ರಂಟ್‌ಗಳಿಂದ ಟ್ಯಾಂಕರಿಗೆ ನೀರು ತುಂಬಿಸುವ ಜಾಗಗಳನ್ನು, ನಗರದಂಚಿನ ಗೋಠ್ ಎಂಬ ಹಳೆಯ ಹಳ್ಳಿಗಳ ಗಡಿಗಳನ್ನು ರಹಮಾನ್ ಗುರುತಿಸತೊಡಗಿದಾಗ ಅದು ನೆಲ ಮತ್ತು ನೀರು ಕಬಳಿಸುವವರ ಕಣ್ಣಿಗೆ ಬಿತ್ತು. ಗೋಠ್ ಒಂದರ ಗಡಿ ಕಾಗದದ ಮೇಲೆ ಬಂದರೆ ಅಲ್ಲಿನವರಿಗೆ ಹಕ್ಕುಪತ್ರ ಕೇಳಲು ಆಧಾರ ಸಿಗುತ್ತದೆ. ಬಾರದಿದ್ದರೆ ಆ ನೆಲ ಯಾರ ಕೈಗೂ ಹೋಗಬಹುದು. 2013ರ ಮಾರ್ಚ್ 13ರಂದು ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು.

2020ರ ಆಗಸ್ಟಿನಲ್ಲಿ ದಾಖಲೆ ಮಳೆ ಸುರಿದು ಕರಾಚಿ ಮುಳುಗಿತು. ಹಳ್ಳಗಳ ಮೇಲಿನ ಒತ್ತುವರಿಯೇ ಕಾರಣವೆಂದು ಹೇಳಲಾಯಿತು. 2021ರಲ್ಲಿ ನ್ಯಾಯಾಲಯದ ಆದೇಶದ ಬೆಂಬಲದೊಂದಿಗೆ ಗುಜ್ಜರ್ ನಾಲಾ ಮತ್ತು ಒರಂಗಿ ನಾಲಾಗಳ ದಡದಲ್ಲಿದ್ದ ಸಾವಿರಾರು ಮನೆಗಳನ್ನು ಕೆಡವಲಾಯಿತು. ಹಕ್ಕುಪತ್ರ ಇದ್ದ ಮನೆಗಳೂ ಅವುಗಳಲ್ಲಿ ಸೇರಿದ್ದವು. ನಾಲ್ಕು ದಶಕಗಳ ಹಿಂದೆ ಹಳ್ಳದ ಪಕ್ಕದಲ್ಲಿರುವುದು ಒಂದು ಗಲ್ಲಿಯ ಅದೃಷ್ಟವಾಗಿತ್ತು. ಕೊಳವೆಯ ಬಾಯಿ ಹತ್ತಿರವಿದ್ದುದರಿಂದಲೇ ಅಂಥ ಗಲ್ಲಿಗಳು ಎಲ್ಲರಿಗಿಂತ ಮೊದಲು ಒಣಗಿದ್ದವು. ಈಗ ಅದೇ ಹಳ್ಳಕ್ಕೆ ಹತ್ತಿರವಿದ್ದುದರಿಂದಲೇ ದಡದ ಮನೆಗಳಿಗೆ ಗುರುತಿನ ಬಣ್ಣ ಬಿತ್ತು, ಹಿಂದಿನ ಗಲ್ಲಿಗಳ ಕೊಳಚೆ ಮಾತ್ರ ಹಳ್ಳದ ಕಡೆಗೇ ಹರಿಯುತ್ತಿದೆ.